ಕೆಲಸಕ್ಕಾ, ಮನೆಗಾ?

ಎಸ್.ಪಿ. ರೋಡಿನ ಒಂದು ಅಡ್ಡಗಲ್ಲಿ,
ವೈರುಗಳು ಆಕಾಶವನ್ನು ಗಂಟು ಕಟ್ಟಿರುವ ಕಡೆ
ಇಮ್ತಿಯಾಜನ ಅಂಗಡಿ. ಇಬ್ಬರು ನಿಂತರೆ ಮೂರನೆಯವನು ರಸ್ತೆಯಲ್ಲಿ.
ನನ್ನ ಹಳೆಯ ಹೆಡ್‌ಫೋನನ್ನು ಕೌಂಟರಿನ ಮೇಲಿಟ್ಟೆ:
ಎಡಗಡೆ ಕೀಲಿಗೆ ಇನ್ಸುಲೇಷನ್ ಟೇಪು,
ಕುಶನ್ನು ಸುಟ್ಟ ಹಪ್ಪಳದ ಹಾಗೆ ಉದುರಿ ಉದುರಿ
ಕೆಲಸ ಮುಗಿಸಿ ಕನ್ನಡಿ ನೋಡಿದರೆ
ಕಿವಿಗೆ ಯಾರೋ ಕಾಡಿಗೆ ಹಚ್ಚಿದ್ದಾರೆ.

"ಕೆಲಸಕ್ಕಾ, ಮನೆಗಾ?" ಅಂದ.

ಕೆಲಸ ಅಂದರೆ ಶುಕ್ರವಾರ, ಶನಿವಾರ,
ಚರ್ಚ್ ಸ್ಟ್ರೀಟಿನ ಎರಡನೇ ಮಹಡಿ,
ಎದೆಗೂಡೇ ತಮಟೆಯಾಗುವಷ್ಟು ಸದ್ದು.
ಅದರ ನಡುವೆ ಒಂದು ಕಿವಿ ಮುಚ್ಚಿ ಒಂದು ಕಿವಿ ಬಿಟ್ಟು
ಭುಜಕ್ಕೂ ಕೆನ್ನೆಗೂ ಮಧ್ಯೆ ಹೆಡ್‌ಫೋನ್ ಸಿಕ್ಕಿಸಿ
ಕತ್ತು ವಾಲಿಸಿ ನಿಲ್ಲುವವನು ನಾನು.
ಬಲಗಿವಿಯಲ್ಲಿ ಕುಣಿಯುವವರ ಹಾಡು.
ಎಡಗಿವಿಯಲ್ಲಿ ಅವರಿನ್ನೂ ಕೇಳದ ಹಾಡು.
ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡ್ತೀಯ ಅಂತ
ಲೆಕ್ಕದ ಮೇಷ್ಟ್ರು ಹೊಡೆಯುತ್ತಿದ್ದರು.
ಈಗ ಅದಕ್ಕೇ ಸಂಬಳ.

ಇಮ್ತಿಯಾಜ್ ಎರಡು ಡಬ್ಬ ತೆಗೆದ.
ಒಂದು ಗಿಡ್ಡ, ಗಟ್ಟಿ. ಬಟ್ಟಲು ಹಿಂದಕ್ಕೆ ತಿರುಗುತ್ತೆ,
ವೈರು ಹಳೇ ಟೆಲಿಫೋನಿನದರಂತೆ ಸುರುಳಿ.
ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ ತೋರಿಸಿದ.
"ಬೇಕಾದರೆ ಬೀಳಿಸಿ. ಬಾಗಿಲು ಹಾಕಿದ ಮನೆ ಇದು,
ಹೊರಗಿನವರು ಒಳಗೆ ಬರಲ್ಲ. ಬೇಸು ಮಾತ್ರ
ಇರೋದಕ್ಕಿಂತ ಒಂದು ಕೈ ಜಾಸ್ತಿ ಹೇಳುತ್ತೆ,
ಮದುವೆ ದಲ್ಲಾಳಿ ಥರ."
ಇನ್ನೊಂದು ದೊಡ್ಡದು, ಹಗುರ. ಬೆನ್ನ ತುಂಬ ಜಾಲರಿ.
"ಇದು ಕಿಟಕಿ ತೆರೆದ ಮನೆ. ಇದ್ದದ್ದು ಇದ್ದ ಹಾಗೆ.
ಪಬ್ಬಿಗೆ ಒಯ್ದರೆ ಅಷ್ಟೇ,
ಕೆ.ಆರ್. ಮಾರ್ಕೆಟಲ್ಲಿ ಗುಟ್ಟು ಹೇಳಿದ ಹಾಗೆ."

ಜಾಲರಿಯದನ್ನು ಹಾಕಿಕೊಂಡೆ.
ಮೊದಲು ಬಂದದ್ದು ಹಾಡಲ್ಲ, ಗಲ್ಲಿ:
ತಳ್ಳುಗಾಡಿಯವನ ಸೀಟಿ,
ಸೋಲ್ಡರಿಂಗ್ ಹೊಗೆಗೆ ಯಾರದೋ ಕೆಮ್ಮು,
ಆಮೇಲೆ ಅವರ ನಡುವೆ ಸ್ವಲ್ಪ ಸರೀರಿ ಸರೀರಿ ಅನ್ನುತ್ತ
ನಾನು ಸಾವಿರ ಸಲ ಹಾಕಿದ ಹಾಡು.
ಮೂರು ನಿಮಿಷ ಹತ್ತು ಸೆಕೆಂಡಿಗೆ ನನ್ನ ಬೆರಳು
ಕೌಂಟರಿನ ಗಾಜಿನ ಮೇಲೆ ತಾನೇ ಸರಿಯಿತು.
ಅದನ್ನು ಅಲ್ಲಿಗೆ ಕತ್ತರಿಸುತ್ತೇನೆ, ಯಾವತ್ತೂ.
ಗಾಜಿಗೆ ಏನು ಗೊತ್ತು. ಹಾಡು ಮುಂದೆ ಹೋಯಿತು.

ಅಲ್ಲಿ ಒಂದು ಪಿಟೀಲು ಇತ್ತು!
ಹನ್ನೊಂದು ವರ್ಷದಿಂದ ಅಲ್ಲೇ ಕೂತು
ನನಗೆ ಕಾದು ಅಂತೇನಲ್ಲ, ಸುಮ್ಮನೆ,
ತನ್ನ ಸರದಿಗೆ ನುಡಿಸಿ, ಕಮಾನು ಎತ್ತಿ.
ಕುರ್ಚಿ ಕಿರ್ ಅಂದದ್ದೂ ಕೇಳಿಸಿತು.
ಆಮೇಲೆ ಏನೂ ಇಲ್ಲ.
ಆ ಏನೂ ಇಲ್ಲದರಲ್ಲಿ ನನ್ನದೇ ಎಡಗಿವಿಯ ಜೀರುಂಡೆ.
ಅದು ಯಾವ ಕಂಪನಿಯದೂ ಅಲ್ಲ.
ಜಯನಗರದ ಡಾಕ್ಟರು ಅದಕ್ಕೊಂದು ಉದ್ದ ಹೆಸರು ಬರೆದುಕೊಟ್ಟಿದ್ದಾರೆ,
ಚೀಟಿ ಪರ್ಸಿನಲ್ಲೇ ಇದೆ, ನೋಟುಗಳ ಹಿಂದೆ.
ನೋಟುಗಳು ಒಂದು ಡಬ್ಬಕ್ಕೆ ಸಾಕಾಗುವಷ್ಟು.

"ಯಾವುದು ಕಟ್ಟಲಿ?"
ನಾನು ಬಾಯಿ ಬಿಡಲಿಲ್ಲ. ಅವನು ನನ್ನ ಹಳೆಯದನ್ನು ಎತ್ತಿ
ಮೂಸಿ, ಮುಖ ಕಿವುಚಿ,
ಡ್ರಾಯರಿನಿಂದ ಒಂದು ಜೊತೆ ಕುಶನ್ ತೆಗೆದ. ನಾನೂರೈವತ್ತು.
ಉಗುರಲ್ಲೇ ಹಳೆಯದು ಕಿತ್ತು ಹೊಸದು ಕೂರಿಸಿದ,
ದಿಂಬಿಗೆ ಗಲೀಬು ಹಾಕಿದಷ್ಟು ಸಲೀಸಾಗಿ.
"ಇನ್ನೊಂದು ವರ್ಷ ದುಡಿಯುತ್ತೆ.
ಸದ್ದು ಮಾತ್ರ ಕಮ್ಮಿ ಇಡಿ. ಕಿವಿಗೆ ಸ್ಪೇರ್ ಇಟ್ಟಿಲ್ಲ ನಾನು."

ಶನಿವಾರ ರಾತ್ರಿ ಎರಡೂವರೆ, ಲಕ್ಕಸಂದ್ರ.
ಬ್ಯಾಗಿನಲ್ಲಿ ಟೇಪು ಸುತ್ತಿದ್ದು ಮಲಗಿದೆ, ಬೆವರಿನ ಸಮೇತ.
ದೀಪ ಆರಿಸಿ, ಮಂಚದ ತುದಿಗೆ ಕೂತು
ಜಾಲರಿಯದನ್ನು ಹಾಕಿಕೊಂಡೆ, ಎರಡೂ ಕಿವಿಗೆ.
"ನಿನ್ನ ತಲೆಯಿಂದ ಹಾಡು ಸೋರ್ತಿದೆ ಕಣೋ"
ಅಂದಳು ವಾರಿಜ, ಕಣ್ಣು ತೆರೆಯದೆ.
ಕಮ್ಮಿ ಮಾಡಲಾ?
"ಬೇಡ. ಇದೊಂದು ಮುಗೀಲಿ."

ಕತ್ತು ಇನ್ನೂ ಎಡಕ್ಕೇ ವಾಲಿತ್ತು.
ಮುಂದಿನದು ಯಾವುದು ಅಂತ
ನಾನು ನೋಡಿಟ್ಟುಕೊಂಡಿರಲಿಲ್ಲ.